ಮಗಳ ಮಾತಿಗೆ ಬೆಲೆ ಕಟ್ಟಿದೆ

ಮಗಳ ಕಾಯಿಲೆಗೆ ನಾನು ತೆತ್ತದ್ದು ಒಂದು ಜೋಡಿ ಹೋರಿ, ಮತ್ತು ಅವಳು ನನ್ನನ್ನು ‘ಅಪ್ಪಾ’ ಎಂದು ಕರೆಯದ ಒಂದು ವರ್ಷ. ಹೋರಿಗಳು ಆಸ್ಪತ್ರೆಯ ಓಡಾಟದ ಖರ್ಚಿಗೆ ಹೋದವು. ಈಚೆಗೆ ಇನ್ನೊಂದು ಜೋಡಿ ತಂದು ಕಟ್ಟಿದ್ದೇನೆ. ವರ್ಷ ಮರಳಲಿಲ್ಲ. ಅದನ್ನು ಕಾಯಿಲೆ ಒಯ್ಯಲಿಲ್ಲ, ನಾನೇ ಕಳೆದೆ.

ನಾನು ದನದ ದಲಾಲಿ. ಸಂಪಗಾಂವದಲ್ಲಿ ಮಂದಿಯ ದನ ಕಾಯುತ್ತ ಬೆಳೆದವನು. ಬೈಲಹೊಂಗಲದ ಪೇಟೆಯಲ್ಲಿ ನಾಲ್ಕು ಜನ ನನ್ನನ್ನು ಹುಡುಕಿಕೊಂಡು ಬರುವುದು ಈ ನಾಲಿಗೆಯ ದೆಸೆಯಿಂದ. ಅಂಥವನ ಮಗಳು ನೀಲಾ ಶಾಲೆಗೆ ಹೋದಮೇಲೆ ಅಲ್ಲಿ ಬಾಯಿಯನ್ನೇ ತೆರೆಯಲಿಲ್ಲ.

ಮನೆಯಲ್ಲಿ ಹಾಗಲ್ಲ. ಎಮ್ಮೆಯ ಜೊತೆಗೂ ಜಗಳ ತೆಗೆಯುವ ಹುಡುಗಿ. ಹಾಗಾಗಿ ಅವಳ ಟೀಚರ್ ಅಕ್ಕೋರು ನನ್ನನ್ನು ಕರೆಸಿ ಹೇಳಿದಾಗ ನಕ್ಕುಬಿಟ್ಟೆ.

“ನಿಮ್ಮ ಹುಡುಗಿ ಹಾಜರಿಗೂ ಬಾಯಿ ತೆಗಿಯಂಗಿಲ್ರಿ. ಒಂದಕ್ಕ ಹೋಗಬೇಕಂದ್ರೂ ಕೇಳಂಗಿಲ್ಲ. ಇವತ್ತ ಕುಂತಲ್ಲೇ ಆತು.”

“ಹಟರೀ ಅಕ್ಕೋರ, ಅವರವ್ವನ ಹಟ. ನಾ ಬಿಡಸ್ತೇನಿ.”

ಬಿಡಿಸಲು ನನಗೆ ಗೊತ್ತಿದ್ದದ್ದು ಒಂದೇ ದಾರಿ. ಚೌಕಾಸಿ.

ಬೆಳ್ಳಿಯ ಗೆಜ್ಜೆ ಕೊಂಡೆ. ಅವಳನ್ನು ಪೇಟೆಗೆ ಕರೆದೊಯ್ದು, ಜನರ ನಡುವೆ ಗೆಜ್ಜೆ ಅಲುಗಾಡಿಸಿ, “ಈ ಕಾಕಾಗ ನಿನ್ನ ಹೆಸರು ಹೇಳವ್ವಾ, ಗೆಜ್ಜಿ ನಿಂದು” ಎಂದೆ. ಅವಳು ನೆಲ ನೋಡಿದಳು. ಗೆಜ್ಜೆಯ ಮೇಲೆ ಹೊಸ ಲಂಗ ಸೇರಿಸಿದೆ. ಲಂಗದ ಮೇಲೆ ಪೇಡೆ. ಸುತ್ತ ಜನ ಕೂಡಿತು.

“ದಲಾಲ್ರ, ಮಗಳು ನಿಮ್ಮನ್ನ ಮೀರ್ಸ್ಯಾಳ! ಇನ್ನಷ್ಟು ಏರಸ್ರಿ!” ಎಂದು ಕುರಿ ವ್ಯಾಪಾರಿಯೊಬ್ಬ ಕೂಗಿದ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ವ್ಯವಹಾರ ಕುದುರದಿದ್ದರೆ ನಾವು ಎದ್ದು ನಡೆದುಬಿಡುತ್ತೇವೆ. ಎದುರಿನವನು ಹಿಂದಿನಿಂದ ಕರೆಯುತ್ತಾನೆ. ಅದೇ ಆಟ ಹೂಡಿದೆ. “ಮಾತಾಡ್ಲಿಲ್ಲಂದ್ರ ಇಲ್ಲೇ ಇರು, ನಾ ಹೊಂಟೆ” ಎಂದು ನಡೆದು ಚಕ್ಕಡಿಗಳ ಮರೆಯಲ್ಲಿ ನಿಂತೆ.

ಅವಳು ಕರೆಯಲಿಲ್ಲ.

ಯಾರೋ ಹೆಂಗಸು, “ಯಾರ ಮಗಳವ್ವಾ ನೀ?” ಎಂದು ಕೇಳುತ್ತಿದ್ದಳು. ನೀಲಾಳ ಬಾಯಿ ತೆರೆದಿತ್ತು. ಕುತ್ತಿಗೆಯ ನರ ಬಿಗಿದಿತ್ತು. ಸ್ವರ ಬರಲಿಲ್ಲ. ಇದು ಒಲ್ಲೆ ಎನ್ನುವ ಮುಖವಲ್ಲ, ಆಗದವಳ ಮುಖ ಎಂದು ಆ ಮರೆಯಿಂದಲೇ ನನಗೆ ಕಂಡಿತು. ಓಡಿ ಹೋಗಿ ಎತ್ತಿಕೊಂಡೆ. ಮೈ ಕಟ್ಟಿಗೆಯಾಗಿತ್ತು.

ಅಂದಿನಿಂದ ಮನೆಯಲ್ಲೂ ನನ್ನೊಡನೆ ಮಾತು ನಿಂತಿತು.

ಹೆಂಡತಿ ಶಾಂತವ್ವ ಉಗರಗೋಳಕ್ಕೆ ಹೋಗಿ ಗುಡ್ಡ ಹತ್ತಿ ಎಲ್ಲಮ್ಮನಿಗೆ ಬೇಡಿಕೊಂಡು ಬಂದಳು. ನಾನು ಗಂಟಲಿನ ಡಾಕ್ಟರಿಗೆ ತೋರಿಸಿದೆ, ಕಿವಿಯ ಡಾಕ್ಟರಿಗೆ ತೋರಿಸಿದೆ. ಎಲ್ಲ ರಿಪೋರ್ಟ್ ನಾರ್ಮಲ್. ಕೊನೆಗೆ ಧಾರವಾಡದಲ್ಲಿ ಮಕ್ಕಳ ಮನಸ್ಸಿನ ಕಾಯಿಲೆ ನೋಡುವ ಮೇಡಂ ಒಬ್ಬರು ಸಿಕ್ಕರು.

“ಇದಕ್ಕ ಸೆಲೆಕ್ಟಿವ್ ಮ್ಯೂಟಿಸಂ ಅಂತಾರ್ರಿ. ಹಟ ಅಲ್ಲ, ಅಂಜಿಕಿ. ಕೆಲವು ಕಡೆ, ಕೆಲವರ ಮುಂದ ಅಂಜಿಕಿ ಗಂಟಲಾ ಹಿಡೀತೈತಿ.”

“ಎಷ್ಟ ದಿನದಾಗ ಮಾತಾಡ್ತಾಳ್ರಿ? ಒಂದ ಮಾತಿನಾಗ ಹೇಳಿಬಿಡ್ರಿ ಮೇಡಂ.”

“ನೋಡ್ರಿ, ಇಲ್ಲೂ ವ್ಯಾಪಾರ! ಮೊದಲ ನೀವು ಆಕಿಗೆ ‘ಮಾತಾಡು, ಮಾತಾಡು’ ಅನ್ನೂದು ಬಿಡ್ರಿ. ಸುಮ್ಮನ ಬಾಜೂಕ ಕುಂಡ್ರೂದು ಕಲೀರಿ.”

ಸುಮ್ಮನೆ ಕೂರುವುದು ನನಗೆ ಬರುವುದು ಒಂದೇ ಕಡೆ. ನಮ್ಮ ಪೇಟೆಯಲ್ಲಿ ದನವನ್ನು ಹೊಗಳುವುದಷ್ಟೇ ಬಾಯಿಂದ. ದರವನ್ನು ಟವಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ತಿಳಿಸುತ್ತೇವೆ. ಒಂದು ಸಂಜೆ ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತೆ. ನಡುವೆ ಟವಲು ಹಾಸಿ ಕೈ ಒಳಗಿಟ್ಟೆ. “ಸಾಲ್ಯಾಗ ಎಷ್ಟ ಅಂಜಿಕಿ ಆಗತೈತಿ, ಹಿಡದ ತೋರ್ಸವ್ವಾ. ಬ್ಯಾಡನಿಸಿದ್ರ ಬಿಡು” ಎಂದೆ. ಆಮೇಲೆ ಟವಲು ಅಲುಗಿತು.

ಐದೂ ಬೆರಳು ಹಿಡಿದಳು.

ಎಷ್ಟೋ ಕೈಗಳನ್ನು ಹಿಡಿದವನು ನಾನು. ಅಷ್ಟು ಬಿಗಿಯಾದ ಹಿಡಿತ ಕಂಡಿರಲಿಲ್ಲ.

ಮೇಡಂ ಇದನ್ನು ಕೇಳಿ, ಅಕ್ಕೋರಿಗೂ ಕಲಿಸಿ ಎಂದರು. ಅಕ್ಕೋರು ಸೆರಗಿನ ಕೆಳಗೆ ಕೈ ಚಾಚುತ್ತಿದ್ದರು. ನೀಲಾ ಒಂದು ಬೆರಳು ಹಿಡಿದರೆ ಹೊರಗೆ ಹೋಗಬೇಕೆಂದು ಅರ್ಥ. ಲಂಗ ಒದ್ದೆಯಾಗುವುದು ನಿಂತಿತು. ತಿಂಗಳುಗಳ ಮೇಲೆ ಪಿಸುಮಾತು ಬಂತು, ಮೊದಲು ಗೆಳತಿಯ ಕಿವಿಯಲ್ಲಿ, ಆಮೇಲೆ ಅಕ್ಕೋರ ಕಿವಿಯಲ್ಲಿ. ನನ್ನ ಸರದಿ ಎಲ್ಲರ ಹಿಂದೆ. ಅದು ನ್ಯಾಯವೇ. ಹೊಸ ಹೋರಿಗಳನ್ನು ತಂದು ಕಟ್ಟುತ್ತಿದ್ದಾಗ ಬೆನ್ನ ಹಿಂದೆ ಕೇಳಿಸಿತು: “ಅಪ್ಪಾ, ಈ ಕರೇದು ಹಾಯತೈತೇನು?”

ತಿರುಗಿ ನೋಡಲಿಲ್ಲ. “ಇಲ್ಲವ್ವಾ, ಬಾಳ ಗರೀಬ ಐತಿ, ಮುಟ್ಟಿದ್ರೂ ಸುಮ್ಮನಿರತೈತಿ” ಎಂದೆ. ಕಣ್ಣೀರನ್ನು ಹೋರಿಗೆ ಮಾತ್ರ ತೋರಿಸಿದೆ.

ಈಗಲೂ ಹೊಸಬರು ಬಂದರೆ ಬಾಗಿಲ ಹಿಂದೆ ಸರಿಯುತ್ತಾಳೆ. ಆಗ ಟವಲಿನ ಕೆಳಗೆ ಅವಳ ಅಂಜಿಕೆ ಐದಲ್ಲ, ಎರಡೇ ಬೆರಳು. ಸಾಕು.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನನ್ನ ಮಾತು ಕೇಳಿ. ಮನೆಯಲ್ಲಿ ಮಾತಾಡುತ್ತದಲ್ಲ ಎಂದು ಸುಮ್ಮನಾಗಬೇಡಿ, ಶಾಲೆಗೆ ಹೋಗಿ ವಿಚಾರಿಸಿ. ಬಂದವರೆದುರು ‘ಹೆಸರು ಹೇಳು’ ಎಂದು ಮುಂದೆ ತಳ್ಳಬೇಡಿ. ಮಾತಾಡಿದ ದಿನ ಊರಿಗೆಲ್ಲ ಸಾರಬೇಡಿ, ಆಡದ ದಿನ ಮುಖ ಗಂಟಿಕ್ಕಬೇಡಿ. ಮನಸ್ಸಿನ ಡಾಕ್ಟರ್ ಎಂದರೆ ಹುಚ್ಚರ ಡಾಕ್ಟರ್ ಎಂದುಕೊಂಡು ನನ್ನ ಹಾಗೆ ಊರೆಲ್ಲ ಸುತ್ತಿ ಕಡೆಗೆ ಹೋಗಬೇಡಿ, ಮೊದಲು ಹೋಗಿ. ಗೆಜ್ಜೆ ಕೊಂಡಿದ್ದರೆ ಇವತ್ತೇ ಹಾಕಿಬಿಡಿ, ಏನೂ ಕೇಳದೆ. ಅಂದು ಪೇಟೆಯಿಂದ ತಂದು ಟ್ರಂಕಿನಲ್ಲಿಟ್ಟ ಗೆಜ್ಜೆಯನ್ನು ನಾನು ತೆಗೆಯುವಷ್ಟರಲ್ಲಿ ನೀಲಾಳ ಕಾಲು ಬೆಳೆದಿತ್ತು.