ಉಪವಾಸದವರ ಮನೆಯ ಅಡುಗೆ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಾವು ನಾಲ್ವರು ಹುಡುಗರು ಕೂಡಿ ಬಾಡಿಗೆಗೆ ಹಿಡಿದಿದ್ದ ಮನೆಯನ್ನು ಓಣಿಯವರು ಈಗಲೂ ಭಕ್ತರ ಮನೆ ಎನ್ನುತ್ತಾರೆ. ಯಾರಾದರೊಬ್ಬರ ಉಪವಾಸವಿಲ್ಲದ ದಿನ ಅಲ್ಲಿ ಸಿಗುವುದೇ ಕಷ್ಟವಾಗಿತ್ತಂತೆ. ಕಷ್ಟವಾಗಿತ್ತು, ನಿಜ. ಆದರೆ ಅದಕ್ಕೆ ಭಕ್ತಿಯೇ ಕಾರಣವೆಂಬುದಕ್ಕೆ ಪುರಾವೆ ಏನು? ಆ ಮನೆಗೆ ಭಕ್ತಿಗಿಂತ ಮೊದಲು ಬಂದದ್ದು ಅಡುಗೆಯ ಪಾಳಿ.

ಪಾಳಿಯ ನಿಯಮ ಕಟ್ಟಿದವನು ನಾನೇ. ಚರ್ಚಾಕೂಟದಲ್ಲಿ ಪಳಗಿದ ನಾಲಿಗೆ. ಉಣ್ಣದವನು ಬೇಯಿಸಬೇಕಾಗಿಲ್ಲ, ಉಪವಾಸದ ದಿನ ಅವನ ಪಾಳಿ ಮಾಫಿ, ಅದನ್ನು ವ್ರತವೇ ಇಲ್ಲದವನು ಮಾಡಬೇಕು ಎಂದು ವಾದಿಸಿ ಗೆದ್ದೆ. ಮರುವಾರವೇ ದೇವರುಗಳು ಎಚ್ಚೆತ್ತರು. ನಮ್ಮಲ್ಲಿ ಹಿರಿಯನಾದ, ನಾವು ಅಣ್ಣ ಎನ್ನುತ್ತಿದ್ದ ಅಕ್ಕಲಕೋಟೆಯ ಹೊಲಮನೆಯವರ ಮಗನ ಪಾಳಿ ಸೋಮವಾರ ಮತ್ತು ಗುರುವಾರ. ಸೋಮವಾರ ಶಿವನಿಗೆ, ಗುರುವಾರ ಗುರುವಿಗೆ ಎಂದುಬಿಟ್ಟ. ಇನ್ನೊಬ್ಬ ತನ್ನ ಮಂಗಳವಾರ, ಶುಕ್ರವಾರಗಳನ್ನು ದೇವಿಗೆ ಕೊಟ್ಟ. ಮತ್ತೊಬ್ಬ ಶನಿವಾರ ಹನುಮಂತನನ್ನು ಹಿಡಿದ. ದೇವರೇ ಇಲ್ಲವೆಂದು ವಾದಿಸುತ್ತ ತಿರುಗುತ್ತಿದ್ದ ನನ್ನ ಪಾಲಿಗೆ ಉಳಿದದ್ದು ವಾರವಿಡೀ ಒಲೆ. ಉಪವಾಸವೆಂದರೆ ಹೊಟ್ಟೆ ಖಾಲಿ ಎಂದೇನಲ್ಲ. ಉಣ್ಣುವವರಿಗೆ ರೊಟ್ಟಿ ಬಡಿದ ಮೇಲೆ ವ್ರತದವರಿಗೆ ವರಿ ಅಕ್ಕಿ ಬೇಯಿಸಿದ ಭಗರ, ಅದಕ್ಕೆ ಕಲಸಿಕೊಳ್ಳಲು ಶೇಂಗಾದ ಸಾರು ಆಮಟಿ ಬೇರೆ.

ಬಿಡುಗಡೆಗೆ ಯಾವುದಾದರೂ ಒಂದು ದೇವರ ಹೆಸರು ಸಾಕಿತ್ತು. ಹೇಳಿದ್ದರೆ ನನ್ನ ಅಷ್ಟು ವರ್ಷದ ವಾದವೆಲ್ಲ ನೀರುಪಾಲಾಗುತ್ತಿತ್ತು.

ಒಂದು ಗುರುವಾರ ಅಣ್ಣನ ತಾಯಿ ಬಂದರು. ಮಗನ ವ್ರತದ ಸುದ್ದಿ ಕೇಳಿ ಹಿಗ್ಗಿದ್ದರು. ನಿನ್ನದು ಯಾವ ವಾರ ಎಂದು ನನ್ನನ್ನೂ ಕೇಳಿದರು. ನಾನೇನು ಹೇಳುತ್ತೇನೋ ನೋಡೋಣವೆಂದು ಅಣ್ಣ ಗೋಡೆಗೊರಗಿ ನಗುತ್ತಿದ್ದ.

"ನಂದು ಯಾವ ವಾರಾನೂ ಇಲ್ರಿ ಕಾಕೂ," ಎಂದೆ.

"ಇರ್ಲಿ ಬಿಡು ತಮ್ಮಾ, ಎಲ್ಲಾರ ಕೈಲೆ ಆಗೂದಲ್ಲ ಅದು. ನಮ್ಮ ಮನ್ಯಾಗ ಗುರುವಾರ ಅಂದ್ರ ದೀಪಾ ಹಚ್ಚೂತನಕಾ ಬಾಯಾಗ ಬರೇ ನೀರು. ಇವನೂ ಹಂಗ ನಡಸ್ಯಾನಲ್ಲ, ನನಗಷ್ಟ ಸಾಕು."

ಅಣ್ಣನ ನಗು ನಿಂತಿತು. ಊರಿನ ಬಟ್ಟೆ ಗಿರಣಿಯ ಮಧ್ಯಾಹ್ನದ ಭೋಂಗಾ ಊದಿತು. ಅದು ಅವನ ಭಗರದ ಹೊತ್ತು. ಹುರಿದ ಶೇಂಗಾದ ವಾಸನೆ ಪಡಸಾಲೆಯವರೆಗೂ ಬಂದಿತ್ತು. ಒಳಗೆ ಹೋಗಿ ಸೌಟು ಹಿಡಿದುಕೊಂಡೇ ಬಂದು ಅವರಿಬ್ಬರ ನಡುವೆ ನಿಂತು ಕೇಳಿದೆ:

"ಅಣ್ಣಾ, ನಿನ್ನ ತಾಟ ಹಚ್ಚಲೇನು, ಇಲ್ಲಾ ಮುಂದಿನ ಗುರುವಾರದಿಂದ ಒಲಿ ಮುಂದ ನೀನ ಕೂಡ್ತಿ?"