ವಾಕೋಲಾದ ಮಹಡಿಯ ಮೆಟ್ಟಿಲು

ಶೀಲಾವತಿಗೂ ಕರೀಮಸಾಬನಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅವಳು ಮಹಡಿಯಲ್ಲಿ, ಅವನು ಅದರ ಕೆಳಗಿನ ಕೋಣೆಯಲ್ಲಿ. ಉಡುಪಿ ಕಡೆಯ ಶೀಲಾವತಿ ಗಂಡ ರಮಾನಾಥ ಸತ್ತ ಮೇಲೆ ಹೋಟೆಲುಗಳಿಗೆ ಸಾರಿನ ಪುಡಿ ಕುಟ್ಟಿ ಕೊಟ್ಟು ಬದುಕುತ್ತಿದ್ದಳು. ವಿಜಾಪುರದ ಕರೀಮಸಾಬ ಬಡಗಿ. ಅವಳು ಒನಕೆ ಎತ್ತಿದರೆ ಅವನ ತಲೆಯ ಮೇಲೆ ಮಣ್ಣು ಉದುರುತ್ತಿತ್ತು. ಅವನು ಮರ ಅಂಟಿಸುವ ಸರೇಸು ಕಾಯಿಸಿದರೆ ಹಲಗೆಯ ಸಂದಿನಿಂದ ನಾತ ಏರಿ ಅವಳ ಅನ್ನಕ್ಕೆ ಹತ್ತುತ್ತಿತ್ತು. ಮೊದಲು ಬೈದಾಡಿದರು, ಆಮೇಲೆ ಅದೂ ಸಾಕಾಗಿ ಸುಮ್ಮನಾದರು.

ಮುಂಬಯಿಯ ವಾಕೋಲಾದಲ್ಲಿ, ಇಗರ್ಜಿಯ ಹಿಂದಿನ ಓಣಿಯಲ್ಲಿದ್ದ ಆ ಮನೆಯನ್ನು ಕಟ್ಟಿಸಿದವನು ಅಲ್ಲಿಯ ಒಬ್ಬ ಕ್ರೈಸ್ತ ಒಕ್ಕಲು. ಸುತ್ತ ಭತ್ತದ ಗದ್ದೆಗಳಿದ್ದ ಕಾಲ. ಕೆಳಗಿನ ದಪ್ಪ ಗೋಡೆಗಳ ನಡುವೆ ಭತ್ತ ತುಂಬಿ, ಮೇಲೆ ಮರದ ಕಟಾಂಜನದ ವರಾಂಡದಲ್ಲಿ ಸಂಸಾರ ಹೂಡಿದ್ದ. ಭತ್ತದ ಧೂಳು ಮನೆಗೆ ಬರಬಾರದೆಂದು ಒಳಗೆ ಮೆಟ್ಟಿಲಿಡಲಿಲ್ಲ. ಅಂಗಳದಿಂದಲೇ, ಗೋಡೆಯ ಹೊರಮೈಗೆ ಒರಗಿದ ಸಾಗುವಾನಿ ಮೆಟ್ಟಿಲು. ಅವನ ಮಕ್ಕಳು ಪಾಲಿಗಾಗಿ ಹೊಡೆದಾಡಿ ಮನೆಯನ್ನು ಮಂಗಳೂರಿನ ದೂಜನಿಗೆ ಮಾರಿದರು. ಹಡಗಿನಲ್ಲಿ ಅಡಿಗೆಯವನಾಗಿದ್ದ ದೂಜ ಮೇಲೊಬ್ಬರು, ಕೆಳಗೊಬ್ಬರು ಬಾಡಿಗೆಗಿಟ್ಟ. ಮುದುಕನಾದ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಅವನೂ ಅದನ್ನು ಸದಾನಂದನಿಗೆ ಮಾರಿ ಊರಿಗೆ ಹೋಗಿಬಿಟ್ಟ.

ಸದಾನಂದ ಶೀಲಾವತಿಯ ಪಕ್ಕದೂರಿನವನೇ. ಸ್ಟೇಷನ್ನಿನ ಬಳಿ ಹೋಟೆಲು ನಡೆಸುತ್ತಿದ್ದ. ಮನೆ ಕೆಡವಿ ನಾಲ್ಕು ಮಾಳಿಗೆಯ ಬಿಲ್ಡಿಂಗ್ ಎಬ್ಬಿಸುವ ಆಸೆ. ಮೊದಲ ಸಲ ಬಂದಾಗ ನಗುತ್ತಲೇ ಮಾತು ತೆಗೆದ.

"ಶೀಲಕ್ಕ, ಒಬ್ಬ ಹೆಂಗಸಿಗೆ ಇಷ್ಟು ದೊಡ್ಡ ಜಾಗ ಎಂತಕ್ಕೆ? ಊರಿಗೆ ಹೋಗಿ ಆರಾಮಾಗಿರಿ."

"ಊರಲ್ಲಿ ನಿಮ್ಮಪ್ಪ ನಂಗೆ ಮನೆ ಕಟ್ಟಿಸಿ ಇಟ್ಟಿದ್ದಾರಾ?"

"ಬಾಯಿ ಸಣ್ಣ ಮಾಡಿ. ಈ ಮನೆ ಈಗ ನಂದು."

"ದೂಜ ನಿಮಗೆ ಮಾರಿದ್ದು ಮನೆಯನ್ನು. ನನ್ನನ್ನಲ್ಲ."

ಅವನ ನಗು ಅಲ್ಲಿಗೇ ನಿಂತಿತು. ಮರುವಾರ ಅವಳಿಂದ ಪುಡಿ ಕೊಳ್ಳುತ್ತಿದ್ದ ಎರಡು ಹೋಟೆಲುಗಳು ಕೊಳ್ಳುವುದನ್ನು ನಿಲ್ಲಿಸಿದವು. ಅವಳು ಬೈಕುಲ್ಲಾದ ತನಕ ಲೋಕಲಿನಲ್ಲಿ ಹೋಗಿ ಬೇರೆ ಗಿರಾಕಿ ಹುಡುಕಿಕೊಂಡಳು.

ಎಪ್ಪತ್ತೆರಡರ ಬೇಸಿಗೆಯ ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತಿದ್ದಾಗ ಹೊರಗೆ ಹಾರೆಯ ಸದ್ದಾಯಿತು. ಬಗ್ಗಿ ನೋಡಿದರೆ ಕೂಲಿಯಾಳುಗಳು ಮೆಟ್ಟಿಲುಗಳನ್ನು ಬುಡದಿಂದ ಕೀಳುತ್ತಿದ್ದರು. ಸದಾನಂದ ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದ.

"ಮೆಟ್ಟಿಲು ಲಡ್ಡಾಗಿದೆ, ಶೀಲಕ್ಕ. ಯಾರಾದ್ರೂ ಬಿದ್ದು ಸತ್ರೆ ಕೇಸು ನನ್ನ ಮೇಲೆ. ಏಣಿ ಇಡಿಸ್ತೇನೆ, ಗಂಟು ಮೂಟೆ ಕಟ್ಟಿ ಇಳೀರಿ."

ಅವಳು ಕುದಿಯುತ್ತಿದ್ದ ಗಂಜಿಯ ತಿಳಿ ತಂದು ಸುರಿದಳು. ಕೂಲಿಗಳು ಹಾರಿ ಹಿಂದೆ ಸರಿದರು, ಆದರೆ ಆಗಲೇ ಅರ್ಧ ಮೆಟ್ಟಿಲು ಹೋಗಿತ್ತು. ಮಧ್ಯಾಹ್ನದೊಳಗೆ ಅವಳ ಬಾಗಿಲಿನ ಮುಂದೆ ಬರೀ ಗಾಳಿ.

ಇಳಿದರೆ ಮತ್ತೆ ಹತ್ತಲು ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇಳಿಯಲಿಲ್ಲ. ನಲ್ಲಿ ಇದ್ದದ್ದು ಅಂಗಳದಲ್ಲಿ. ಎದುರುಮನೆಯ ಸೇವಂತಿ, ಶೀಲಾವತಿ ಇಳಿಬಿಟ್ಟ ಹಗ್ಗಕ್ಕೆ ಕೊಡ ಕಟ್ಟಿ ನೀರು ಕಳಿಸಿದಳು. ಸದಾನಂದ ಅಂಗಳದಲ್ಲಿ ಕೂರಿಸಿದ್ದ ಕಾವಲಿನವನು ಕೊಡ ಒದ್ದು, ಹಗ್ಗ ಕತ್ತರಿಸಿ, ಸೇವಂತಿಯನ್ನು ಹೊಲಸು ಮಾತಿನಲ್ಲಿ ಬೈದ. ಅವಳು ಹೆದರಿ ಮತ್ತೆ ಬರಲಿಲ್ಲ. ನೀರಿಲ್ಲದೆ ಶೀಲಾವತಿಯ ತುಟಿ ಒಡೆಯಿತು. ಒನಕೆಯ ಸದ್ದು ನಿಂತಿತು.

ಕೆಳಗೆ ಕರೀಮಸಾಬ ಆ ಮೌನವನ್ನು ಖುಷಿಯಿಂದಲೇ ಕೇಳುತ್ತಿದ್ದ. ಆದರೆ ಸದಾನಂದ ಒಂದು ಮಧ್ಯಾಹ್ನ ಅವನನ್ನು ಕೇಳದೆಯೇ ಒಳನುಗ್ಗಿ, ಟೇಪು ಹಿಡಿದು ಅವನ ಕೋಣೆಯನ್ನು ಅಳೆದ. ಅವನು ಹೋದದ್ದೇ ತಡ, ಕರೀಮಸಾಬ ಬೆಂಚಿನ ಮೇಲೆ ಸ್ಟೂಲಿಟ್ಟು ಹತ್ತಿ ತಲೆಯ ಮೇಲಿನ ಹಲಗೆಗೆ ಗರಗಸ ಹಚ್ಚಿದ.

ನೆಲ ಕೊಯ್ಯುವ ಸದ್ದಿಗೆ ಶೀಲಾವತಿ ಚೀರಿದಳು. "ಅಯ್ಯೋ, ನನ್ನ ನೆಲವನ್ನೂ ಕೀಳ್ತಾ ಇದ್ದೀರಾ? ಹಾಳಾಗಿ ಹೋಗಿ!"

"ಒದರಬ್ಯಾಡ್ರಿ! ಕಾಲ ಹಿಂದಕ ತಗೀರಿ, ಗರಗಸಕ್ಕ ಬಡದೀತು."

ಹಲಗೆ ಕಳಚಿ, ಮರದಪುಡಿ ಮೆತ್ತಿದ ಅವನ ತಲೆ ಮೇಲೆ ಬಂತು. ಕೈಯಲ್ಲಿ ನೀರಿನ ತಂಬಿಗೆ.

"ನಿಮ್ಮ ಮ್ಯಾಲಿನ ಪ್ರೀತಿಗೆ ಬಂದಿಲ್ಲ. ನೀವಿವತ್ತ ಇಳದ ಹೋದ್ರ ನಾಳೆ ಆಂವ ನನ್ನ ಬಾಗಲಾ ಕೀಳ್ತಾನ. ಕುಡೀರಿ."

ಅವಳು ಕುಡಿದಳು. ಖಾಲಿ ತಂಬಿಗೆಯನ್ನು ಅವನತ್ತ ತಳ್ಳಿದಳು.

ಅಲ್ಲಿಂದ ನಾಲ್ಕು ವರ್ಷ ಅವಳು ಆ ತೂತಿನಿಂದ, ಅವನು ಹೊಡೆದ ಒರಟು ಏಣಿಯ ಮೇಲೆ ಇಳಿದು ಹತ್ತಿದಳು. ಮೆಟ್ಟಿಲು ಕಿತ್ತದ್ದಕ್ಕೆ ಸದಾನಂದನ ಮೇಲೆ ಹೂಡಿದ ಕೇಸಿಗೆಂದು ಕೋರ್ಟಿಗೆ ಹೋಗುವಾಗಲೂ ಅವನ ಕೆಲಸದ ಕೋಣೆಯನ್ನೇ ದಾಟಬೇಕಿತ್ತು. "ಚಪ್ಪಲಿ ಕೈಯಾಗ ಹಿಡೀರಿ" ಎಂದು ಅವನು, "ಮೊದಲು ನಿಮ್ಮ ಕೊಳೆ ಗುಡಿಸಿ" ಎಂದು ಅವಳು. ಮಾತು ಬಿಟ್ಟವರಿಗೆ ದಿನಾ ಮಾತಾಡುವ ಶಿಕ್ಷೆ.

ಮೆಟ್ಟಿಲು ನಿಜಕ್ಕೂ ಲಡ್ಡಾಗಿತ್ತೇ ಎಂಬುದೇ ಕೋರ್ಟಿನಲ್ಲಿ ಪ್ರಶ್ನೆ. ಕರೀಮಸಾಬ ಸಾಕ್ಷಿ ಹೇಳಲು ನಿಂತಾಗ ಸದಾನಂದನ ವಕೀಲ, ಈ ಹೆಂಗಸಿಗೂ ನಿನಗೂ ಏನು ಸ್ನೇಹ ಎಂದು ಕೆಣಕಿದ. ಕರೀಮಸಾಬ ತನ್ನ ವಿಜಾಪುರದ ಹಿಂದಿಯಲ್ಲಿ ಸಿಟ್ಟಿನಿಂದ ಕೂಗಿದ: ಇವಳ ಮುಖ ಕಂಡರೆ ತನಗಾಗುವುದಿಲ್ಲ, ಇವಳು ತೊಲಗಿದರೆ ಮಿಠಾಯಿ ಹಂಚುತ್ತೇನೆ, ಆದರೆ ಆ ಸಾಗುವಾನಿ ಇನ್ನೂ ಎರಡು ತಲೆಮಾರು ತಾಳುತ್ತಿತ್ತು. ಜಡ್ಜು ತಲೆಯೆತ್ತಿ ಇಬ್ಬರನ್ನೂ ನೋಡಿದರು. ಶೀಲಾವತಿ ಅವನನ್ನು ದುರುಗುಟ್ಟುತ್ತಿದ್ದಳು. ಇಂಥ ಸಾಕ್ಷಿಯನ್ನು ಯಾರು ನಂಬದಿರುತ್ತಾರೆ?

ಮೆಟ್ಟಿಲು ಮತ್ತೆ ಕಟ್ಟಿಕೊಡಬೇಕೆಂದು ಎಪ್ಪತ್ತಾರರಲ್ಲಿ ಆಜ್ಞೆಯಾಯಿತು. ಸದಾನಂದ ಹಟಕ್ಕೆ ಅತಿ ಕಿರಿದಾದ ಕಬ್ಬಿಣದ ಏಣಿಮೆಟ್ಟಿಲು ಹಾಕಿಸಿದ; ಬಿಸಿಲಿಗೆ ಅದರ ಹಿಡಿಗಂಬಿ ಮುಟ್ಟಲಾಗುತ್ತಿರಲಿಲ್ಲ. ಅದು ನಿಂತ ದಿನವೇ ಕರೀಮಸಾಬ ತೂತಿಗೆ ಹಲಗೆ ಬಡಿದು ಮುಚ್ಚಿದ.

ಮುಂದಿನ ವರ್ಷ ಬೇಸತ್ತ ಸದಾನಂದ ಮನೆಯನ್ನು ಒಬ್ಬ ಬಟ್ಟೆ ವ್ಯಾಪಾರಿಗೆ ಮಾರಿದ. ಹೊಸ ಯಜಮಾನ ಪೇಢೆಯ ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದ. ಶೀಲಾವತಿ ಬಾಗಿಲನ್ನು ಅರ್ಧ ಮಾತ್ರ ತೆರೆದು, ನೀನು ಕೆಡವುವುದು ಯಾವಾಗ ಎಂದು ತನ್ನ ಮುರುಕು ಹಿಂದಿಯಲ್ಲಿ ಕೇಳಿದಳು:

"ತುಮ್ ಕಬ್ ತೋಡನೇವಾಲಾ ಹೈ?"

ಅವನು ಗಾಬರಿಯಾಗಿ, ಅಂಥದ್ದೇನಿಲ್ಲ ಮೌಸಿ ಎಂದ. ಅವಳು ಪೇಢೆ ಮುಟ್ಟದೆ ಅವನ ಮುಖಕ್ಕೇ ಬಾಗಿಲು ಹಾಕಿ, ಒಳಗಿನಿಂದ ಅಗುಳಿ ಜಡಿದಳು.