ಮುಳುಗಣ್ಣ ಈಗ ದಡದಲ್ಲಿ

ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸೇತುವೆಯ ಕೆಳಗಿನ ಕಲ್ಲಿನ ಮೇಲೆ ಒಬ್ಬರು ಮೊಣಕೈಗಳನ್ನು ತೊಡೆಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದಾರೆ. ಅವರ ಅಂಗೈಗೆ ಸುತ್ತಿದ ಹಗ್ಗದ ಇನ್ನೊಂದು ತುದಿ ನೀರೊಳಗೆ, ತಂಗಿಯ ಸೊಂಟದಲ್ಲಿದೆ. ಹಿಂದೆ ಇಬ್ಬರು ಪೊಲೀಸರು. ಅವರಿಂದಾಚೆ, ನಿನ್ನೆ ಸಂಜೆ ಇಲ್ಲಿ ಕಾಲು ಜಾರಿದ ಮುದುಕರ ಮನೆಯವರು. ಕೇಳುವುದು ಹಗ್ಗ ಹಿಡಿದವರ ಏದುಸಿರು ಮಾತ್ರ.

ಹಗ್ಗ ಎರಡು ಸಲ ಜಗ್ಗುತ್ತದೆ. ಅವರು ಮುದುಕರ ಮಗಳ ಕಡೆ ತಿರುಗಿ, ತಡೆತಡೆದು ಹೇಳುತ್ತಾರೆ: "ಸಿಕ್ಕಿದ್ದಾರೆ, ತಾಯಿ. ಮೊದಲು ನಾನು ನೋಡ್ತೀನಿ. ಆಮೇಲೆ ನೀವು ಬನ್ನಿ."

'ಹೆಣ' ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಅವರ ಪಾಲಿಗೆ ನೀರಿನಲ್ಲಿರುವವರೆಲ್ಲ ಇನ್ನೂ ಯಾರದೋ ಅಪ್ಪ, ಯಾರದೋ ಮಗ.

ನದಿಯ ಎರಡೂ ದಡದವರು ಅವರನ್ನು ಕರೆಯುವುದು ಮುಳುಗಣ್ಣ ಎಂದು. ಅಪ್ಪ ದೋಣಿ ನಡೆಸುತ್ತಿದ್ದರು. ಅಣ್ಣ ತಂಗಿ ಇಬ್ಬರೂ ನಡೆಯುವುದಕ್ಕಿಂತ ಮೊದಲು ಈಜು ಕಲಿತರು ಎಂದು ಮನೆಯಲ್ಲಿ ತಮಾಷೆ ಮಾಡುವುದುಂಟು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಯಾರಾದರೂ ಮುಳುಗಿದರೆ ಠಾಣೆಯಿಂದ ಮೊದಲು ಬರುತ್ತಿದ್ದ ಕರೆ ಇವರಿಗೆ. ಅದು ಸಂಬಳದ ಕೆಲಸವಲ್ಲ. ಹೊಟ್ಟೆಪಾಡಿಗೆ ದೋಣಿಗಳಿಗೆ ಡಾಂಬರು ಬಳಿಯುತ್ತಿದ್ದರು. ನೀರಿಗಿಳಿದರೆ ದಡದಲ್ಲಿದ್ದವರಿಗೇ ಉಸಿರುಗಟ್ಟಬೇಕು, ಅಷ್ಟು ಹೊತ್ತು ಮೇಲೆ ಬರುತ್ತಿರಲಿಲ್ಲ.

ಅಂಥವರ ಉಸಿರು ಕೈಕೊಟ್ಟದ್ದು ನೀರಿನಲ್ಲಲ್ಲ, ಮನೆಯ ಹೊಸ್ತಿಲಲ್ಲಿ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಲು ಬಗ್ಗಿದ್ದಾರೆ. ಎದ್ದಾಗ ಗಾಳಿ ಒಳಕ್ಕೆ ಹೋಗುತ್ತಿಲ್ಲ. "ಅರ್ಧಕ್ಕೆ ಬಂದು ನಿಲ್ಲುತ್ತೆ. ಬಾಗಿಲ ತನಕ ಬಂದ ನೆಂಟರು ಒಳಗೆ ಬರದೇ ವಾಪಸ್ ಹೋದ ಹಾಗೆ," ಎಂದು ಎದೆಯ ನಡುವೆ ಬೆರಳಿಟ್ಟು ತೋರಿಸುತ್ತಾರೆ.

ಅಂದಿನಿಂದ ಆಸ್ಪತ್ರೆಯ ಅಲೆದಾಟ. ಎಕ್ಸ್‌ರೇ ತೆಗೆದರು, ಹೃದಯ ನೋಡಿದರು, ರಕ್ತ ನೋಡಿದರು. ಶ್ವಾಸಕೋಶದ ಪರೀಕ್ಷೆಗೆಂದು ಕೊಳವೆಯೊಳಗೆ ಊದಿಸಿದಾಗ, "ಇಷ್ಟು ಚೆನ್ನಾಗಿ ಊದಿದೋರನ್ನ ನಾನು ನೋಡೇ ಇಲ್ಲ," ಎಂದು ಅಲ್ಲಿನ ನರ್ಸ್ ಹೊಗಳಿದರಂತೆ. ಡಾಂಬರಿನ ಹೊಗೆಯೇ ಕಾರಣವಿರಬಹುದೆಂದು ಆ ಕೆಲಸ ಬಿಡಿಸಿದರು. ಕೆಲಸ ಹೋಯಿತು, ಏದುಸಿರು ಉಳಿಯಿತು. ಈಗ ಹೆಂಡತಿಯ ಹೊಲಿಗೆ ಯಂತ್ರವೇ ಮನೆ ನಡೆಸುತ್ತದೆ.

ಊರಿನ ಬಾಯಿಗೆ ಮಾತ್ರ ಕಾರಣ ಗೊತ್ತು: ಅವರು ಎತ್ತಿದ ಸತ್ತವರೆಲ್ಲ ಸೇರಿ ಎದೆಯ ಮೇಲೆ ಕೂತಿದ್ದಾರೆ. ಮುಳುಗಣ್ಣ ಅದನ್ನು ನಂಬುವುದಿಲ್ಲ. "ಸತ್ತೋರು ಯಾರ ತಂಟೆಗೂ ಬರಲ್ಲ. ಬದುಕಿರೋರದ್ದೇ ಕಾಟ." ಕೆಲವರು, ಪರೀಕ್ಷೆಯೆಲ್ಲ ಸರಿಯಿದ್ದಮೇಲೆ ಇದು ಮೈಗಳ್ಳತನ ಎಂದೂ ಅಂದರು. ಅದು ಚುಚ್ಚಿತು. ಕೊನೆಗೆ ಒಬ್ಬ ವಯಸ್ಸಾದ ವೈದ್ಯೆ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟು ಹೇಳಿದರು: "ಏನಾಗಿದೆ ಅಂತ ನನಗೆ ಗೊತ್ತಾಗ್ತಿಲ್ಲ. ನೀವು ಸುಳ್ಳು ಹೇಳ್ತಿಲ್ಲ ಅಂತ ಮಾತ್ರ ಗೊತ್ತು." ಮುಳುಗಣ್ಣ ಮನೆಗೆ ಬಂದು ಗೋಡೆಗೊರಗಿ ಅತ್ತರಂತೆ. ಅದನ್ನು ಹೇಳುವುದು ಹೆಂಡತಿ. ಮುಳುಗಣ್ಣ ಕೇಳಿಯೂ ಕೇಳದವರಂತೆ ಕಿಟಕಿಯಾಚೆ ನೋಡುತ್ತಾರೆ.

ಅವರ ಕೋಣೆಯಲ್ಲಿ ಹಾಸಿಗೆ ಹಾಸಿಯೇ ಇರುತ್ತದೆ, ಆದರೆ ಅದರ ಮೇಲೆ ಮಲಗುವವರಿಲ್ಲ. ಮೂಲೆಯಲ್ಲಿ ದಿಂಬುಗಳನ್ನು ಪೇರಿಸಿ, ಕೂತೇ ನಿದ್ದೆ ಮಾಡುತ್ತಾರೆ. ತಲೆಗೆ ಒಂದು ಚೊಂಬು ನೀರು ಹುಯ್ದುಕೊಂಡರೆ ಉಸಿರು ಕಟ್ಟುತ್ತದೆ. ನದಿಯ ತಳ ಮುಟ್ಟಿ ಬರುತ್ತಿದ್ದವರು ಸ್ನಾನಕ್ಕೆ ಹೋದರೆ, ಹೆಂಡತಿ ಹೊಲಿಗೆ ನಿಲ್ಲಿಸಿ ಬಾಗಿಲಾಚೆ ನಿಲ್ಲುತ್ತಾರೆ. "ರೀ, ಇದ್ದೀರಾ?" "ಇದ್ದೀನಿ ಮಾರಾಯ್ತಿ. ಎಲ್ಲಿಗೆ ಹೋಗಲಿ?"

ಕಾಯಿಲೆ ಶುರುವಾದ ಮೇಲೂ ಕೆಲಕಾಲ ಅವರು ನೀರಿಗಿಳಿದರು. ಕೊನೆಯ ಸಲ ಇಳಿದದ್ದು ಹತ್ತೊಂಬತ್ತು ವರ್ಷದ ಒಬ್ಬ ಹುಡುಗನಿಗಾಗಿ. ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. ಮೂರನೆಯ ಸಲ ನಡುನೀರಿನಲ್ಲೇ ಎದೆ ಬಿಗಿಯಿತು. ತಂಗಿ ಧುಮುಕಿ, ರಟ್ಟೆ ಹಿಡಿದು ದಡಕ್ಕೆಳೆದರು. ಕಲ್ಲಿನ ಮೇಲೆ ಮೀನಿನಂತೆ ಬಾಯಿ ಬಿಡುತ್ತಿದ್ದವರನ್ನು ಯಾರೋ ಎತ್ತಿ ಕೂರಿಸಿ, ತಮ್ಮ ಭುಜಕ್ಕೊರಗಿಸಿಕೊಂಡು ಬೆನ್ನು ನೀವತೊಡಗಿದರು. ಕಣ್ಣು ಬಿಟ್ಟು ನೋಡಿದರೆ ಆ ಹುಡುಗನ ಅಪ್ಪ.

"ನನ್ನ ಕೈಲಾಗ್ಲಿಲ್ಲ ಅಂದೆ. ಅವರು, ಮಾತಾಡಬೇಡಿ, ಮೊದಲು ಉಸಿರಾಡಿ ಅಂದರು," ಎನ್ನುತ್ತಾರೆ ಮುಳುಗಣ್ಣ. "ಮಗ ನೀರಲ್ಲಿದ್ದ. ಆ ಮನುಷ್ಯ ನನ್ನ ಬೆನ್ನು ನೀವ್ತಾ ಕೂತಿದ್ರು."

ಅಂದು ಹುಡುಗನನ್ನು ತಂದದ್ದು ತಂಗಿ. ಅಂದಿನಿಂದ ಇಳಿಯುವವರು ಅವರೇ. ಹೆಂಗಸು ಈ ಕೆಲಸ ಮಾಡುವುದೇ ಎಂದವರಿದ್ದರು. "ಹಾಗಾದರೆ ನೀವೇ ಇಳೀರಿ ಅಂದೆ. ಒಬ್ಬರೂ ಅಂಗಿ ಬಿಚ್ಚಲಿಲ್ಲ," ಎಂದು ತಂಗಿ ಒದ್ದೆ ಕೂದಲು ಹಿಂಡುತ್ತಾರೆ.

ಮನೆಯಲ್ಲಿ ಕೂರಬಹುದಲ್ಲ ಎಂದರೆ ಮುಳುಗಣ್ಣ ಒಲ್ಲೆನೆಂದು ತಲೆಯಾಡಿಸುತ್ತಾರೆ. ಹಗ್ಗವನ್ನು ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಅದಕ್ಕಿಂತ ಹೆಚ್ಚಾಗಿ, ದಡದಲ್ಲಿ ಕಾಯುವವರ ಜೊತೆ ಕೂರಲು ಒಬ್ಬರು ಬೇಕು. "ಮುಂಚೆ ನಾನು ನೀರಲ್ಲಿರ್ತಿದ್ದೆ. ಇವರು ಇಲ್ಲಿ ಹೇಗೆ ಕಾಯ್ತಾರೆ ಅಂತ ನೋಡಿರಲೇ ಇಲ್ಲ."

ಇವತ್ತೂ ಮುದುಕರ ಮುಖ ಒರೆಸಿ, ಪಂಚೆ ಸರಿಮಾಡಿ, ಆಮೇಲೆಯೇ ಮಗಳನ್ನು ಕರೆಯುತ್ತಾರೆ. ಮಗಳು ಅಪ್ಪನ ಪಾದ ಹಿಡಿದು ಕೂತಾಗ ತಾವೂ ಪಕ್ಕದಲ್ಲಿ ಕೂರುತ್ತಾರೆ. ಸಮಾಧಾನದ ಮಾತಾಡುವಷ್ಟು ಉಸಿರು ಅವರಲ್ಲಿಲ್ಲ.

ಮುದುಕರನ್ನು ಹೊತ್ತ ಗಾಡಿ ಹೋದ ಮೇಲೆ, ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಹೇಳುತ್ತಾರೆ: "ಒಂದು ರಾತ್ರಿ ಬೆನ್ನು ಹಾಸಿ ಮಲಗಬೇಕು. ನನಗಲ್ಲದಿದ್ರೂ ನನ್ನ ಹೆಂಡ್ತಿಗೋಸ್ಕರ. ನನ್ನ ಉಸಿರು ಕೇಳಿಸಿಕೊಳ್ತಾ ಅವಳೂ ಮಲಗಲ್ಲ."

ಅಣ್ಣ ತಂಗಿ ಹಗ್ಗ ಸುತ್ತಿಕೊಂಡು ರಸ್ತೆಯ ಏರು ಹತ್ತುತ್ತಾರೆ. ಸ್ವಲ್ಪ ದೂರ ಹೋದೊಡನೆ ತಂಗಿ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ.

"ನಿಲ್ಲಣ್ಣ. ನನಗೆ ಸುಸ್ತಾಯ್ತು."

"ಸುಳ್ಳಿ," ಎನ್ನುತ್ತಾರೆ ಮುಳುಗಣ್ಣ. ನಿಲ್ಲುತ್ತಾರೆ.